ಬೆಟ್ಟಕ್ಕೆ ಸಾಕ್ಷಿ ಹೇಳುವ ಹಾಳೆಗಳು

ಪಹಣಿಯಲ್ಲಿ ಬಂಡೆಬೆಟ್ಟಕ್ಕಿರುವ ಹೆಸರು ‘ಖರಾಬು’. ಉಳುಮೆಗೆ ಬಾರದ ನೆಲ ಎಂಬಷ್ಟೇ ಅದರ ಅರ್ಥ. ಆದರೆ ವ್ಯವಹಾರದಲ್ಲಿ ಅದು ‘ಏನೂ ಇಲ್ಲದ ನೆಲ’ ಎಂದಾಗಿಬಿಟ್ಟಿದೆ. ಕೋಲಾರದ ಶತಶೃಂಗ ಸಾಲು, ಮಾಲೂರಿನ ಟೇಕಲ್ ಬೆಟ್ಟಗಳು, ಮುಳಬಾಗಿಲಿನ ಆವನಿ ಮತ್ತು ಕುರುಡುಮಲೆ, ಶ್ರೀನಿವಾಸಪುರದ ಮಾವಿನ ತೋಪುಗಳಾಚೆಯ ಗುಡ್ಡಗಳು ಎಲ್ಲವೂ ಈ ಒಂದೇ ಪದದಡಿ ಸೇರಿಹೋಗುತ್ತವೆ. ಕಲ್ಲುಗಣಿಯ ಗುತ್ತಿಗೆಯ ಪ್ರಶ್ನೆ ಎದ್ದಾಗ, ಇಲ್ಲಿ ಇಂತಿಂಥ ಗಿಡಗಳಿವೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಸಾಕ್ಷಿ ಬೇಕು. ಅಂತಹ ಸಾಕ್ಷಿಯನ್ನು ತಲೆಮಾರುಗಳವರೆಗೆ ಕಾಪಾಡುವ ಸ್ಥಳವೇ ಹರ್ಬೇರಿಯಂ, ಅಂದರೆ ಒಣಸಸ್ಯಗಳ ಸಂಗ್ರಹಾಲಯ.

ಹದಿನಾರನೆಯ ಶತಮಾನದಲ್ಲಿ ಇಟಲಿಯ ಲೂಕಾ ಗೀನಿ ರೂಢಿಗೆ ತಂದನೆಂದು ಹೇಳಲಾಗುವ ಈ ವಿಧಾನ ಇಂದಿಗೂ ಹೆಚ್ಚು ಬದಲಾಗಿಲ್ಲ. ಹೂವು, ಕಾಯಿ, ಎಲೆಗಳಿರುವ ರೆಂಬೆಯನ್ನು ಹಳೆಯ ದಿನಪತ್ರಿಕೆಗಳ ನಡುವೆ ಹರಡಿ, ಭಾರ ಹೇರಿ, ಕಾಗದವನ್ನು ಆಗಾಗ ಬದಲಿಸುತ್ತ ಒಣಗಿಸಬೇಕು. ಬಳಿಕ ದಪ್ಪ ಹಾಳೆಗೆ ಅಂಟಿಸಿ ಅಥವಾ ಹೊಲಿದು, ಕೆಳಮೂಲೆಯಲ್ಲಿ ಚೀಟಿ ಹಚ್ಚಬೇಕು. ಸಿಕ್ಕಿದ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು, ನೆಲದ ಸ್ವರೂಪ, ಊರಿನವರು ಕರೆಯುವ ಹೆಸರು ಇವೆಲ್ಲ ಆ ಚೀಟಿಯಲ್ಲಿರಬೇಕು. ಚೀಟಿಯಿಲ್ಲದ ಹಾಳೆ ಬರಿಯ ಒಣಸೊಪ್ಪು.

ಇದರ ಬೆಲೆ ಏನೆಂಬುದಕ್ಕೆ ಕೋಲಾರದಲ್ಲೇ ನಿದರ್ಶನಗಳಿವೆ. ‘ಬ್ರಾಕಿಸ್ಟೆಲ್ಮಾ ಕೋಲಾರೆನ್ಸಿಸ್’ ಎಂಬ ಪುಟ್ಟ ಗೆಡ್ಡೆಗಿಡ ತನ್ನ ಹೆಸರಿನಲ್ಲೇ ಈ ಜಿಲ್ಲೆಯನ್ನು ಹೊತ್ತುಕೊಂಡಿದೆ. ಅರೆಕಲ್ ಮತ್ತು ರಾಮಕೃಷ್ಣ ಎಂಬ ಸಸ್ಯವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಅದನ್ನು ಹೊಸ ಪ್ರಭೇದವೆಂದು ಗುರುತಿಸಿದರು. ಪ್ರಾಣಿಲೋಕದಲ್ಲೂ ಇದೇ ಮಾತು ಸಲ್ಲುತ್ತದೆ. ಹನುಮನಹಳ್ಳಿಯ ಗುಹೆಯ ಎಲೆಮೂಗಿನ ಬಾವಲಿ 1994ರಲ್ಲಿ ಪ್ರತ್ಯೇಕ ಪ್ರಭೇದವೆಂದು ಹೆಸರು ಪಡೆದದ್ದು ಜೋಪಾನವಾಗಿ ಇಟ್ಟಿದ್ದ ಮಾದರಿಗಳ ಆಧಾರದಿಂದ. ಕೋಲಾರದ ಹೊರಗೆ ಜಗತ್ತಿನಲ್ಲಿ ಅದಕ್ಕೆ ಬೇರೆ ನೆಲೆ ಕಂಡುಬಂದಿಲ್ಲ. ಆ ಬೆಟ್ಟವನ್ನು ಕಲ್ಲುಗಣಿಯಿಂದ ಉಳಿಸಬೇಕೆಂಬ ಕೂಗಿಗೆ ಬಲ ಬಂದದ್ದೂ ಆ ಹೆಸರಿನಿಂದಲೇ.

ರೈತರಿಗೂ ಇದು ದೂರದ ಸಂಗತಿಯಲ್ಲ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಭೀಕರ ಕ್ಷಾಮ ತಂದ ಅಂಗಮಾರಿ ರೋಗಾಣುವಿನ ತಳಿ ಯಾವುದೆಂಬುದು 2013ರಲ್ಲಿ ತಿಳಿದುಬಂತು. ಅದನ್ನು ಹೇಳಿದ್ದು ಹರ್ಬೇರಿಯಂಗಳಲ್ಲಿ ಉಳಿದಿದ್ದ ರೋಗಪೀಡಿತ ಒಣ ಎಲೆಗಳು. ಆಲೂಗಡ್ಡೆ ಮತ್ತು ಟೊಮೆಟೊ ಬೆಳೆದು ಇದೇ ರೋಗಕ್ಕೆ ಹೆದರುವ ಕೋಲಾರದ ರೈತರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನ ವುಡ್‌ವರ್ಡ್ ಎಂಬ ವಿಜ್ಞಾನಿ 1987ರಲ್ಲಿ ಸುಮಾರು 200 ವರ್ಷಗಳ ಒಣ ಎಲೆಗಳ ಪತ್ರರಂಧ್ರಗಳನ್ನು ಎಣಿಸಿ, ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದಂತೆ ಅವು ವಿರಳವಾಗಿರುವುದನ್ನು ತೋರಿಸಿದರು. ಆ ಎಲೆಗಳನ್ನು ಸಂಗ್ರಹಿಸಿದವರಿಗೆ ಇಂತಹ ಪ್ರಶ್ನೆಯೊಂದು ಹುಟ್ಟುತ್ತದೆಂಬ ಕಲ್ಪನೆಯೂ ಇರಲಿಲ್ಲ.

ಕರ್ನಾಟಕದಲ್ಲಿ ಈ ಕಾರ್ಯಕ್ಕೆ ಗಟ್ಟಿ ತಳಹದಿ ಹಾಕಿದವರು ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸೆಸಿಲ್ ಸಲ್ಡಾನಾ. ಅವರು ನಿಕಲ್ಸನ್ ಅವರೊಡನೆ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗ್ರಂಥ 1976ರಲ್ಲಿ ಬಂತು. ಕರ್ನಾಟಕದ ಸಸ್ಯಗ್ರಂಥದ ಎರಡು ಸಂಪುಟಗಳು 1984 ಮತ್ತು 1996ರಲ್ಲಿ ಹೊರಬಂದವು. ಅವರ ಸಂಗ್ರಹ ಇಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅದನ್ನು ಆಧರಿಸಿದ ಸಸ್ಯಮಾಹಿತಿ ಅಂತರ್ಜಾಲದಲ್ಲಿ ಸಿಗುತ್ತದೆ. ಭಾರತೀಯ ಸಸ್ಯ ಸರ್ವೇಕ್ಷಣ ಇಲಾಖೆ 2022ರಲ್ಲಿ ಸುಮಾರು ಒಂದು ಲಕ್ಷ ಮಾದರಿಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಹೌರಾಕ್ಕೆ ಹೋಗಲಾರದ ಮುಳಬಾಗಿಲಿನ ವಿದ್ಯಾರ್ಥಿನಿ ಈಗ ಅಲ್ಲಿನ ಹಾಳೆಯನ್ನು ತನ್ನ ಊರಿನಲ್ಲೇ ನೋಡಬಹುದು.

ಗಣಕೀಕರಣಕ್ಕೆ ಇನ್ನೊಂದು ಕಾರಣವೂ ಇದೆ. 1943ರ ಬಾಂಬ್ ದಾಳಿಯಲ್ಲಿ ಬರ್ಲಿನ್ನಿನ ಹರ್ಬೇರಿಯಂ ಬಹುಪಾಲು ಸುಟ್ಟುಹೋಯಿತು. ಅದಕ್ಕೂ ಮುನ್ನ ಅಮೆರಿಕದ ಸಸ್ಯವಿಜ್ಞಾನಿ ಮ್ಯಾಕ್‌ಬ್ರೈಡ್ ತೆಗೆದಿದ್ದ ಛಾಯಾಚಿತ್ರಗಳೇ ಅಲ್ಲಿನ ಎಷ್ಟೋ ಮಾದರಿಗಳಿಗೆ ಉಳಿದ ಆಧಾರ. ಹಾಗೆಂದು ಚಿತ್ರ ಬಂದ ಮೇಲೆ ಹಾಳೆ ಬೇಡವೆನ್ನುವುದು ತಪ್ಪು. ಚಿತ್ರದಿಂದ ವಂಶವಾಹಿಯನ್ನು ತೆಗೆಯಲಾಗದು, ಮೊಗ್ಗನ್ನು ಬಿಡಿಸಿ ನೋಡಲಾಗದು. ಐರ್ಲೆಂಡಿನ ಗುಟ್ಟನ್ನು ಬಿಟ್ಟುಕೊಟ್ಟದ್ದು ಎಲೆ, ಎಲೆಯ ಚಿತ್ರವಲ್ಲ.

ಕೋಲಾರಕ್ಕೆ ಇದರಲ್ಲಿ ತನ್ನದೇ ಆದ ತೊಡಕೊಂದಿದೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ಚೀಟಿಯಲ್ಲಿ ‘ಕೋಲಾರ ಜಿಲ್ಲೆ’ ಎಂದಷ್ಟೇ ಇದ್ದರೆ ಆ ಗಿಡ ನಂದಿಬೆಟ್ಟದ್ದೂ ಆಗಿರಬಹುದು, ಬಾಗೇಪಲ್ಲಿಯದ್ದೂ ಆಗಿರಬಹುದು. ದೂರದಲ್ಲಿ ಕುಳಿತು ಅಕ್ಷರ ಒತ್ತುವವರಿಗೆ ಇದು ಹೊಳೆಯುವುದಿಲ್ಲ. ಹಳ್ಳಿ, ಬೆಟ್ಟ, ಕೆರೆಗಳ ಹೆಸರು ಬಲ್ಲ ಸ್ಥಳೀಯರು ಜೊತೆಗೂಡದಿದ್ದರೆ ಹಳೆಯ ಗೊಂದಲ ಹೊಸ ಯಂತ್ರದೊಳಗೆ ಹಾಗೆಯೇ ಕೂರುತ್ತದೆ.

ಗಿಡಗಳ ಹೆಸರುಗಳ ವಿಷಯವೂ ಹೀಗೆಯೇ. ಕನ್ನಡದ ಆವರಿಕೆ ಗಡಿಯ ತೆಲುಗು ಮನೆಗಳಲ್ಲಿ ತಂಗೇಡು. ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಇನ್ನು ಕೆಲವರಿಗೆ ಬೇರೆಯೇ ಗಿಡ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಜನತಾ ದಾಖಲಾತಿ ಸಿದ್ಧಪಡಿಸಬೇಕು. ಒಣಮಾದರಿಯ ಬೆಂಬಲವಿಲ್ಲದ ಹೆಸರಿನ ಪಟ್ಟಿ ನಾಳೆ ಪ್ರಶ್ನೆ ಬಂದಾಗ ನಿಲ್ಲಲಾರದು. ಬೆರಕೆ ಸೊಪ್ಪಿಗೆಂದು ಅಣ್ಣೆ, ಗಣಿಕೆ, ಗೋಣಿ, ಹೊನಗೊನ್ನೆಗಳನ್ನು ಹೊಲದ ಬದುವಿನಲ್ಲಿ ಬೆರಳತುದಿಯಿಂದಲೇ ಗುರುತಿಸುವ ಅಜ್ಜಿಯಂದಿರ ಅರಿವು ಆ ಚೀಟಿಯ ಮೇಲೆ ಬರಬೇಕು. ಕಳೆನಾಶಕ ಬದುಗಳಿಗೂ ಬಂದಿರುವ ಈ ಕಾಲದಲ್ಲಿ ಇದು ತಡಮಾಡುವ ಕೆಲಸವಲ್ಲ. ಕೆರೆಗಳ ಮಾತೂ ಅದೇ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಒಣಗಿದ್ದ ಕೆರೆಯಂಗಳದಲ್ಲಿ ಯಾವ ಗಿಡಗಳಿದ್ದವು, ಈಗ ಯಾವುವು ಬಂದಿವೆ ಎಂಬುದನ್ನು ಹೋಲಿಸಲು ಅಂದಿನ ಹಾಳೆಗಳೇ ಬೇಕು.

ಆದುದರಿಂದ ನಾಲ್ಕು ತಾಲ್ಲೂಕುಗಳ ಕಾಲೇಜುಗಳು ಗ್ರಾಮಸ್ಥರೊಡಗೂಡಿ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಒಂದು ಹಾಳೆ ಜಿಲ್ಲೆಯಲ್ಲಿ ಉಳಿಯಲಿ, ಅದರ ಜೋಡಿ ದೊಡ್ಡ ಹರ್ಬೇರಿಯಂ ಸೇರಲಿ, ಚಿತ್ರ ಎಲ್ಲರಿಗೂ ಸಿಗಲಿ. ಮೀಸಲು ಅರಣ್ಯದಲ್ಲಿ ಅನುಮತಿ ಪಡೆದೇ ಸಂಗ್ರಹಿಸಬೇಕು. ನಾಲ್ಕೇ ಗಿಡ ಕಂಡ ಕಡೆ ಕೀಳದೆ ಛಾಯಾಚಿತ್ರಕ್ಕೆ ತೃಪ್ತರಾಗಬೇಕು. ಅಪರೂಪದ ಗೆಡ್ಡೆ, ಔಷಧಿ ಸಸ್ಯಗಳ ನಿಖರ ಜಾಗ ಅಂತರ್ಜಾಲದಲ್ಲಿ ಬಹಿರಂಗವಾಗಬಾರದು. ಕಾಪಾಡಲೆಂದು ಬರೆದ ವಿಳಾಸ ಕದಿಯುವವರಿಗೆ ದಾರಿಯಾಗಬಾರದಷ್ಟೆ.

ಇದಕ್ಕೆ ಬೇಕಾದದ್ದು ಹಳೆಯ ಪತ್ರಿಕೆ, ಎರಡು ಹಲಗೆ, ಒಂದು ಹಗ್ಗ ಮತ್ತು ಬಿಡದೆ ಬರೆಯುವ ಶಿಸ್ತು. ಕೀಟ ಹಿಡಿಯದಂತೆ ನೋಡಿಕೊಳ್ಳುವ ಬೀರು ಆಮೇಲೆ ಬರುತ್ತದೆ, ಗಣಕಯಂತ್ರ ಅದಕ್ಕೂ ಆಮೇಲೆ. ಬಂಡೆ ಒಡೆದು ಲಾರಿ ಏರಿದ ಮೇಲೆ ಅದರ ಸಂದಿಯಲ್ಲಿ ಏನಿತ್ತೆಂದು ಯಾವ ಯಂತ್ರವೂ ಹೇಳಲಾರದು. ಮುಂಗಾರಿನ ಮೊದಲ ಮಳೆಗೆ ಗೆಡ್ಡೆಗಳು ಚಿಗುರುವಾಗಲೇ ಕೆಲಸ ಆರಂಭವಾಗಬೇಕು.