ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ!

ತಾಲ್ಲೂಕು ಕಚೇರಿಗೆ ಹೋದವರಿಗೆ ಸಿಗುವ ಉತ್ತರ ಬಹುಪಾಲು ಇದೇ. ಅಂಗಡಿ ಬಾಗಿಲು ಹಾಕಿ ಬಂದವನ ವ್ಯಾಪಾರ ಹೋಯಿತು, ಪಹಣಿ ತಿದ್ದುಪಡಿಗೆ ಬಂದ ರೈತನ ಬಸ್ ಚಾರ್ಜು ದಂಡವಾಯಿತು. 'ಸಾರ್ವಜನಿಕರ ಭೇಟಿ 3.30ರಿಂದ 5.30' ಎಂಬ ಬೋರ್ಡು ಮಾತ್ರ ನೆಟ್ಟಗೆ ನಿಂತಿದೆ.

ಒಳಗೆ ನಡೆಯುವುದಾದರೂ ಏನು? ಮೂರು ತಿಂಗಳಿಗೊಮ್ಮೆ ಶಾಸಕರ ಅಧ್ಯಕ್ಷತೆಯಲ್ಲಿ ಕೂಡುವ ಕೆ.ಡಿ.ಪಿ. ಸಭೆಯನ್ನೇ ನೋಡಿ. ಹನ್ನೊಂದಕ್ಕೆಂದರೆ ಹನ್ನೆರಡೂವರೆಗೆ ಶುರು. ಪ್ರಗತಿ ವರದಿ ಎಲ್ಲರ ಕೈಯಲ್ಲೇ ಇರುತ್ತೆ. ಆದರೂ ಒಬ್ಬೊಬ್ಬ ಅಧಿಕಾರಿಯೂ ಎದ್ದು ಅದನ್ನೇ ಓದಬೇಕು! ಕೃಷಿಯವರು ಓದುವಾಗ ರೇಷ್ಮೆಯವರು ಆಕಳಿಸುತ್ತಾ ಕೂತಿರಬೇಕು. ಕುಡಿಯುವ ನೀರಿನ ವಿಷಯ ಬರುವ ಹೊತ್ತಿಗೆ ಎಲ್ಲರಿಗೂ ಹಸಿವು. 2020ರ ಕೊರೊನಾದಿಂದೀಚೆಗಂತೂ ವಿಡಿಯೋ ಕಾನ್ಫರೆನ್ಸ್ ಕಾಟ ಬೇರೆ. ಬೆಂಗಳೂರಿನವರು ಕರೆದಾಗಲೆಲ್ಲ ಪರದೆ ಮುಂದೆ ಹಾಜರ್.

ಸಭೆಯೇ ಬೇಡವೆಂದು ಯಾರೂ ಅನ್ನುತ್ತಿಲ್ಲ. ಅಧಿಕಾರಿಗಳನ್ನು ನಾಲ್ಕು ಜನರೆದುರು ಲೆಕ್ಕ ಕೇಳುವ ಜಾಗ ಅದು, ಇರಲೇಬೇಕು. ಆದರೆ ಓದುವುದನ್ನು ಬಿಟ್ಟು, ಹೋದ ಸಭೆಯಲ್ಲಿ ಒಪ್ಪಿಕೊಂಡ ಕೆಲಸ ಯಾಕಾಗಿಲ್ಲ ಅಂತ ಅಷ್ಟೇ ಕೇಳಲಿ. ಪ್ರಶ್ನೆಯಿಲ್ಲದ ಇಲಾಖೆಯವರನ್ನು ಮೊದಲೇ ಅವರವರ ಕಚೇರಿಗೆ ಕಳಿಸಿಬಿಡಲಿ. ಒಂದೂವರೆ ಗಂಟೆ ಧಾರಾಳವಾಯಿತು. ಮೂರೂವರೆಗೆ ಸಾಹೇಬರು ಕುರ್ಚಿಯಲ್ಲಿ ಸಿಕ್ಕರೆ, ಹಳ್ಳಿಯವನು ಕೆಲಸ ಮುಗಿಸಿಕೊಂಡು ಐದರ ಬಸ್ಸನ್ನಾದರೂ ಹಿಡಿದಾನು.