ಕೂಸಿನ ಸೀಟಿಗೆ ಅಡ್ವಾನ್ಸ್: ರಸೀದಿಯಲ್ಲಿ ದಿನಾಂಕ ಎಲ್ಲಿದೆ?

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಮೊದಲೆರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಈ ರಜೆಯಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಲೆಕ್ಕ ಹಾಕಿದರೆ ತಾಯಿ ಕೆಲಸಕ್ಕೆ ಮರಳುವ ಹೊತ್ತಿಗೆ ಕೂಸಿಗೆ ನಾಲ್ಕರಿಂದ ಆರು ತಿಂಗಳು. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನೆಯ ವ್ಯವಸ್ಥೆ ಮಾಡಬೇಕೆಂದು ಕಾನೂನು ಹೇಳುತ್ತದೆ. ಅದಕ್ಕಿಂತ ಚಿಕ್ಕ ಕಚೇರಿಯಲ್ಲಿ ದುಡಿಯುವವರಿಗೆ, ಅಜ್ಜಿ ಊರಿನಿಂದ ಬಂದು ವರ್ಷಗಟ್ಟಲೆ ನಿಲ್ಲುವ ಅನುಕೂಲ ಇಲ್ಲದವರಿಗೆ ಉಳಿಯುವುದು ಬಡಾವಣೆಯ ಖಾಸಗಿ ಡೇಕೇರ್. ಹಾಗಾಗಿ ಬಸುರಿಯಿದ್ದಾಗಲೇ ಸೀಟು ಹುಡುಕಲು ಹೊರಡುವವರನ್ನು ಆತುರಗಾರರೆಂದು ನಗುವಂತಿಲ್ಲ. ಹೋದಲ್ಲಿ ಎದುರಾಗುವುದು ನೋಂದಣಿ ಶುಲ್ಕ, ಪ್ರವೇಶ ಶುಲ್ಕ, ಅಡ್ವಾನ್ಸ್. ಜೊತೆಗೆ ಎಷ್ಟೋ ಕಡೆ ‘ಕಟ್ಟಿದ ಹಣ ವಾಪಸ್ ಕೊಡುವುದಿಲ್ಲ’ ಎಂಬ ಸಾಲು. ಸೀಟು ಕಾದಿರಿಸಲು ದುಡ್ಡು ಕೇಳುವುದನ್ನು ನಾನು ತಪ್ಪೆನ್ನಲಾರೆ. ಆದರೆ ಯಾವ ದಿನದಿಂದ ಸೀಟು ಎಂದು ಬರೆದುಕೊಡದೆ ಪಡೆಯುವ ದುಡ್ಡಿಗೂ, ಆ ಸೀಟಿಗೆ ಬೇರೆ ಮಗು ಬಂದ ಮೇಲೂ ಗಲ್ಲಾಪೆಟ್ಟಿಗೆಯಲ್ಲೇ ಉಳಿಯುವ ದುಡ್ಡಿಗೂ ಸಮರ್ಥನೆ ಸಿಗುವುದು ಕಷ್ಟ.

ಇವೆರಡರಲ್ಲಿ ಮೊದಲನೆಯದನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯ ಕಾನೂನಿನಲ್ಲೇ ತಡೆಯಿತು. ಟೊರಾಂಟೊದಂಥ ನಗರಗಳಲ್ಲಿ ವೇಯ್ಟಿಂಗ್ ಲಿಸ್ಟಿಗೆ ಮಗುವಿನ ಹೆಸರು ಬರೆದುಕೊಳ್ಳಲೂ ಕೆಲವು ಕೇಂದ್ರಗಳು ಶುಲ್ಕ ಕೇಳುತ್ತಿದ್ದವು. ಸೀಟು ಸಿಕ್ಕೇ ಸಿಗುತ್ತದೆಂಬ ಮಾತು ಯಾರದ್ದೂ ಇಲ್ಲ. ಆದ್ದರಿಂದ ಒಂದೇ ಮಗುವಿನ ಹೆಸರು ಹಲವು ಪಟ್ಟಿಗಳಲ್ಲಿ, ಒಂದೊಂದಕ್ಕೂ ಬೇರೆ ಬೇರೆ ಶುಲ್ಕ. 2016ರ ಸೆಪ್ಟೆಂಬರ್ 1ರಿಂದ ಪರವಾನಗಿ ಪಡೆದ ಕೇಂದ್ರಗಳು ಪಟ್ಟಿಗೆ ಸೇರಿಸಲು ಶುಲ್ಕವನ್ನಾಗಲಿ ಠೇವಣಿಯನ್ನಾಗಲಿ ಪಡೆಯುವಂತಿಲ್ಲ. ಪಟ್ಟಿ ಹೇಗೆ ನಡೆಯುತ್ತದೆಂದು ಬರೆದಿಟ್ಟು, ತಮ್ಮ ಸರದಿ ಎಲ್ಲಿದೆ ಎಂದು ಪೋಷಕರು ಕೇಳಿದರೆ ತಿಳಿಯುವಂತೆಯೂ ಮಾಡಬೇಕು. ಪಟ್ಟಿಗೆ ಶುಲ್ಕವಿದ್ದಾಗ ಸಾಲು ಉದ್ದವಾದಷ್ಟೂ ಕೇಂದ್ರಕ್ಕೆ ಆದಾಯ. ಒಂದು ತೊಟ್ಟಿಲನ್ನೂ ಹೆಚ್ಚಿಸದೆ ಬರುವ ಆದಾಯ ಅದು. ಸಾಲಿನಲ್ಲಿ ನಿಜಕ್ಕೂ ಎಷ್ಟು ಜನರಿದ್ದಾರೆಂದು ಹೇಳಿ ಯಾರನ್ನಾದರೂ ವಾಪಸ್ ಕಳಿಸಲು ಅಲ್ಲಿ ಯಾರಿಗೂ ಕಾರಣವೇ ಇರುವುದಿಲ್ಲ.

ಈಗ ಕೇಂದ್ರ ನಡೆಸುವವರ ಕಡೆಯ ಮಾತು. ಅದು ಹಗುರವಾದದ್ದಲ್ಲ. ಎಳೆಗೂಸುಗಳನ್ನು ನೋಡಿಕೊಳ್ಳಲು ಕೈಗಳು ಹೆಚ್ಚು ಬೇಕು. ಒಂಟಾರಿಯೊದ ನಿಯಮದಂತೆ ಹದಿನೆಂಟು ತಿಂಗಳೊಳಗಿನ ಹತ್ತು ಮಕ್ಕಳಿಗೆ ಮೂವರು ಸಿಬ್ಬಂದಿ. ಇಂಗ್ಲೆಂಡಿನ ನರ್ಸರಿಗಳಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು. ಈ ಲೆಕ್ಕದಲ್ಲಿ ಒಂದು ತೊಟ್ಟಿಲು ಎರಡು ತಿಂಗಳು ಖಾಲಿ ಬಿದ್ದರೆ ಬಾಡಿಗೆಯೂ ಆಯಾಳ ಸಂಬಳವೂ ನಿಲ್ಲುವುದಿಲ್ಲ, ಆದಾಯ ಮಾತ್ರ ನಿಲ್ಲುತ್ತದೆ. ಮೂರು ಕಡೆ ‘ಬರುತ್ತೇವೆ’ ಎಂದು ಹೇಳಿ, ಕೊನೆಗೆ ಒಂದು ಕಡೆ ಸೇರಿಸಿ, ಉಳಿದೆರಡು ಕಡೆಗೆ ಒಂದು ಫೋನೂ ಮಾಡದ ಪೋಷಕರು ಇದ್ದಾರೆ. ಅವರನ್ನು ಮಾತಿಗೆ ಕಟ್ಟಿಹಾಕಲು ಮುಂಗಡಕ್ಕಿಂತ ಸರಳ ಉಪಾಯ ಇಲ್ಲ. ಆದರೆ ಈ ವಾದವನ್ನು ಕಲ್ಯಾಣ ಮಂಟಪದ ಅಡ್ವಾನ್ಸಿನವರೆಗೆ ಎಳೆಯಬಾರದು. ಮುಹೂರ್ತದ ದಿನ ಮದುವೆ ತಪ್ಪಿದರೆ ಆ ದಿನ ಮಂಟಪಕ್ಕೆ ಹೋಯಿತೇ ಸರಿ. ಡೇಕೇರಿನ ಸೀಟು ಹಾಗೆ ಒಂದು ದಿನದಲ್ಲಿ ಮುಗಿದುಹೋಗುವುದಿಲ್ಲ. ಹೊರಗೆ ಸಾಲು ನಿಂತಿರುವ ಕಾರಣಕ್ಕೇ ಮುಂಗಡ ಕೇಳಿದ್ದು ತಾನೆ? ಹಾಗಿದ್ದರೆ ಒಬ್ಬರು ಬಿಟ್ಟ ಸೀಟಿಗೆ ಸಾಲಿನಲ್ಲಿರುವ ಮುಂದಿನವರು ಬರುತ್ತಾರೆ. ಬೇಡಿಕೆ ಭಾರೀ ಇದೆ ಎಂದು ಮುಂಗಡ ಪಡೆದವರು, ಸೀಟು ಬಿಟ್ಟರೆ ಭಾರೀ ನಷ್ಟ ಎಂದು ಅದನ್ನು ಉಳಿಸಿಕೊಳ್ಳುವುದು ಹೇಗೆ? ಎರಡರಲ್ಲಿ ಒಂದು ಮಾತು ಬಿಡಲೇಬೇಕಾಗುತ್ತದೆ.

ನಮ್ಮ ಕಾನೂನಿನ ಧೋರಣೆಯೂ ಹೆಚ್ಚುಕಡಿಮೆ ಇದೇ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರು ಮುರಿದಾಗ ಎಷ್ಟು ಕೊಡಬೇಕೆಂದು ಮೊದಲೇ ಬರೆದಿದ್ದರೂ ಸಿಗಬೇಕಾದದ್ದು ಆ ಮಿತಿಯೊಳಗಿನ ನ್ಯಾಯವಾದ ಪರಿಹಾರ ಮಾತ್ರ. ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ನಿವೇಶನದ ಬಿಡ್‌ದಾರರು ಕಟ್ಟಿದ್ದ 78 ಲಕ್ಷ ರೂಪಾಯಿಯನ್ನು ಮುಟ್ಟುಗೋಲು ಹಾಕಿಕೊಂಡಿತ್ತು. 3.12 ಕೋಟಿಗೆ ಬಿಡ್ ಆಗಿದ್ದ ಅದೇ ನಿವೇಶನ ಆಮೇಲೆ 11.78 ಕೋಟಿಗೆ ಹರಾಜಾಯಿತು. ಕರಾರು ಮುರಿದವರು ಬಿಡ್‌ದಾರರೇ ಅಲ್ಲ, ಮೇಲಾಗಿ ನಷ್ಟವೇ ಆಗದಿರುವಾಗ ಮುಟ್ಟುಗೋಲು ಯಾವುದಕ್ಕೆ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಕೇಳಿತು. ಕರಾರಿನಲ್ಲಿ ಸ್ಪಷ್ಟವಾಗಿ ಬರೆದ, ಮಿತಿಯಲ್ಲಿರುವ ಮುಂಗಡವನ್ನು ಉಳಿಸಿಕೊಳ್ಳಲು ಕೋರ್ಟುಗಳು ಬಿಟ್ಟದ್ದೂ ಉಂಟು. ಪೋಷಕರು ಕೇಳಿದ್ದೆಲ್ಲ ವಾಪಸ್ ಬರುತ್ತದೆಂದು ಯಾರೂ ಹೇಳಲಾರರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಎದ್ದುಕಾಣುವಷ್ಟು ವಿಪರೀತವಾದ ಭದ್ರತಾ ಠೇವಣಿಯನ್ನು ಅನ್ಯಾಯದ ಕರಾರಿನ ಲಕ್ಷಣಗಳಲ್ಲಿ ಸೇರಿಸಿದೆ. ಇಷ್ಟಿದ್ದೂ, ಮಡಿಲಲ್ಲಿ ಮೂರು ತಿಂಗಳ ಕೂಸಿರುವವರು ಹತ್ತು ಸಾವಿರಕ್ಕಾಗಿ ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತುವುದನ್ನು ಊಹಿಸುವುದು ಕಷ್ಟ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಹಾಗಾಗಿ ವ್ಯಾಜ್ಯಕ್ಕೆ ಮುಂಚೆಯೇ ಎಲ್ಲರಿಗೂ ತಿಳಿದಿರುವ ನಿಯಮ ಬೇಕು. ಅಂಥದ್ದೊಂದು ನಮ್ಮಲ್ಲೇ ಇದೆ, ಆದರೆ ದೊಡ್ಡ ಮಕ್ಕಳಿಗೆ. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮುಂಚೆ ಕಾಲೇಜು ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಹಣ ವಾಪಸ್. ಆ ಹದಿನೈದು ದಿನದೊಳಗೆ ಬಿಟ್ಟರೆ ಶೇ 90, ಕೊನೆಯ ದಿನ ಕಳೆದು ಹದಿನೈದು ದಿನದವರೆಗೆ ಶೇ 80, ತಿಂಗಳವರೆಗೆ ಶೇ 50, ಆಮೇಲೆ ಏನೂ ಇಲ್ಲ. ಹೊತ್ತು ಮೀರಿದಷ್ಟೂ ಸೀಟು ತುಂಬುವುದು ಕಷ್ಟವಾಗುತ್ತದೆ, ಅದಕ್ಕೆ ತಕ್ಕಂತೆ ವಾಪಸಾತಿ ಇಳಿಯುತ್ತದೆ. ಬಿ.ಎ. ಸೇರುವವರಿಗೆ ಸಿಗುವ ಈ ನ್ಯಾಯ ಇನ್ನೂ ಕೂರಲು ಬಾರದ ಕೂಸಿಗೆ ಸಿಗಬಾರದೇಕೆ?

ಕೊಡಬಲ್ಲವರು ಕೊಡುತ್ತಾರೆ, ಡೇಕೇರಿಗೆ ಬರುವವರೆಲ್ಲ ಐಟಿಯವರೇ, ಇದರಲ್ಲಿ ಸರ್ಕಾರಕ್ಕೇನು ಕೆಲಸ ಎಂಬ ಆಕ್ಷೇಪ ಕೇಳಿಬರಬಹುದು. ಖಾಸಗಿ ಕೇಂದ್ರಕ್ಕೆ ಬರುವವರಲ್ಲಿ ನರ್ಸುಗಳಿದ್ದಾರೆ, ಖಾಸಗಿ ಶಾಲೆಯ ಟೀಚರುಗಳಿದ್ದಾರೆ, ಅಂಗಡಿಗಳ ಸೇಲ್ಸ್ ಕೌಂಟರಿನಲ್ಲಿ ದಿನವಿಡೀ ನಿಲ್ಲುವವರಿದ್ದಾರೆ. ಇವರಿಗೆ ಮೂರು ಕಡೆ ಮುಂಗಡ ಕಟ್ಟಿ ಎರಡನ್ನು ಕಳೆದುಕೊಳ್ಳುವ ಶಕ್ತಿ ಇಲ್ಲ, ಆದ್ದರಿಂದ ಇರುವ ಒಂದೇ ಕಡೆ ಕಟ್ಟಿ ದೇವರ ಮೇಲೆ ಭಾರ ಹಾಕುತ್ತಾರೆ. ಮುಂಗಡದ ಮೊತ್ತ ಏರಿದಷ್ಟೂ ಸಾಲಿನಲ್ಲಿ ಮುಂದೆ ನಿಲ್ಲುವವರು ಯಾರು ಎಂಬುದನ್ನು ಮಗುವಿನ ಅಗತ್ಯದ ಬದಲು ಅಪ್ಪ ಅಮ್ಮನ ಬ್ಯಾಂಕ್ ಖಾತೆ ತೀರ್ಮಾನಿಸುತ್ತದೆ. ವೈದ್ಯಕೀಯ ಸೀಟುಗಳ ಮಾರಾಟ ಕಂಡು 1984ರಲ್ಲೇ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದ ರಾಜ್ಯಕ್ಕೆ ಈ ದಾರಿ ಎಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಮುಂಗಡವನ್ನು ಬಿಗಿ ಮಾಡಿದರೆ ಸೀಟು ಹುಟ್ಟುವುದಿಲ್ಲ. ನಿಜ. ಒಂಟಾರಿಯೊದಲ್ಲಿ ಪಟ್ಟಿ ಶುಲ್ಕ ಹೋದರೂ ಸಾಲು ಕರಗಲಿಲ್ಲ. ದಿನಕ್ಕೆ ಸರಾಸರಿ ಹತ್ತು ಡಾಲರಿಗೆ ಶುಲ್ಕ ಇಳಿಸುವ ಫೆಡರಲ್ ಯೋಜನೆ 2021ರಲ್ಲಿ ಬಂದ ಮೇಲೆ ಬೇಡಿಕೆ ಇನ್ನೂ ಏರಿತು. ಸೀಟು ಹುಟ್ಟಬೇಕಾದರೆ ಸಾರ್ವಜನಿಕ ಹಣ ಬೇಕು, ಹೊಣೆ ಹೊರುವವರೂ ಬೇಕು. ಜರ್ಮನಿಯಲ್ಲಿ 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಮಗುವಿಗೆ ಸೀಟು ಕಾನೂನಿನ ಹಕ್ಕು. ಸೀಟು ಸಿಗದೆ ಕೆಲಸಕ್ಕೆ ತಡವಾಗಿ ಮರಳಿದ ಲೈಪ್‌ಜಿಗ್‌ನ ತಾಯಂದಿರ ಪ್ರಕರಣದಲ್ಲಿ, ಸ್ಥಳೀಯ ಆಡಳಿತದ ತಪ್ಪಿದ್ದರೆ ಕಳೆದುಹೋದ ಸಂಬಳವನ್ನು ಪರಿಹಾರವಾಗಿ ಕೇಳಬಹುದೆಂದು ಅಲ್ಲಿನ ಫೆಡರಲ್ ನ್ಯಾಯಾಲಯ 2016ರಲ್ಲಿ ಹೇಳಿತು. ಸೀಟಿಲ್ಲದ ನಷ್ಟವನ್ನು ಅಲ್ಲಿ ಆಡಳಿತ ಹೊರಬೇಕಾಗಬಹುದು, ಇಲ್ಲಿ ಬಾಣಂತಿ ಹೊರುತ್ತಾಳೆ. ಕರ್ನಾಟಕ 2023-24ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿದ್ದು ಹಳ್ಳಿಯ ಕೂಲಿಕಾರ ತಾಯಂದಿರಿಗಾಗಿ. ನಗರದ ವಾರ್ಡುಗಳಿಗೆ ಅಂಥ ಮನಸ್ಸು ಯಾವಾಗ ಬರುತ್ತದೋ. ಆದರೆ ಅಲ್ಲಿಯವರೆಗೆ ಕಾಯಬೇಕೆಂಬುದು ಈಗಿನ ರಸೀದಿಯನ್ನು ತಿದ್ದದಿರಲು ಕಾರಣವಾಗದು. ಮುಂಗಡ ಉಳಿಸಿಕೊಳ್ಳಲಾಗದಿದ್ದರೆ ತಿಂಗಳ ಶುಲ್ಕ ಏರಿಸುತ್ತೇವೆ ಎನ್ನುವವರಿಗೂ ಉತ್ತರ ಇದೆ: ಏರಿಸಿ, ಬೋರ್ಡಿನಲ್ಲಿ ಬರೆಯಿರಿ. ಆಗ ಪಕ್ಕದ ಬೀದಿಯ ಕೇಂದ್ರದೊಂದಿಗೆ ಹೋಲಿಸಿ ನೋಡಬಹುದು.

ಮನೆಯ ಹಾಲಿನಲ್ಲೇ ಐದಾರು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು ಈ ನಿಯಮಗಳಿಗೆ ಹೆದರಿ ಬಾಗಿಲು ಹಾಕಿಯಾರು ಎಂಬ ಭಯ ನನಗೂ ಇದೆ. ಅದಕ್ಕೇ ಬೇಕಾದದ್ದು ಪರವಾನಗಿ, ತಪಾಸಣೆ, ಕಡತಗಳ ಮೆರವಣಿಗೆಯಲ್ಲ. ಒಂದು ಪುಟದ ರಸೀದಿ ಸಾಕು. ಮಗು ಸೇರುವ ದಿನಾಂಕ ಅದರಲ್ಲಿರಲಿ. ಕಟ್ಟಿದ ಮುಂಗಡ ಮೊದಲ ತಿಂಗಳ ಶುಲ್ಕಕ್ಕೆ ವಜಾ ಆಗುತ್ತದೆಂದು ಇರಲಿ, ಮೊತ್ತ ಒಂದು ತಿಂಗಳ ಶುಲ್ಕ ಮೀರದಿರಲಿ. ಸೇರುವ ದಿನಕ್ಕೆ ತಿಂಗಳ ಮುಂಚೆ ಬಿಟ್ಟರೆ ಎಷ್ಟು ವಾಪಸ್, ಹದಿನೈದು ದಿನ ಮುಂಚೆ ಬಿಟ್ಟರೆ ಎಷ್ಟು ಎಂದು ಬರೆದಿರಲಿ. ಆ ಸೀಟಿಗೆ ಬೇರೆ ಮಗು ಸೇರಿದರೆ ಖಾಲಿ ಬಿದ್ದಿದ್ದ ದಿನಗಳ ಲೆಕ್ಕ ಕಳೆದು ಉಳಿದದ್ದು ಪೋಷಕರಿಗೆ. ಹೇಳಿದ ದಿನ ಸೀಟು ಸಿದ್ಧವಿಲ್ಲದಿದ್ದರೆ ಕೇಂದ್ರ ಪೂರ್ತಿ ಹಣ ಮರಳಿಸಬೇಕೆಂಬ ಸಾಲನ್ನೂ ಮರೆಯುವಂತಿಲ್ಲ, ಏಕೆಂದರೆ ರಜೆ ಮುಗಿದ ತಾಯಿ ಆ ಬೆಳಗ್ಗೆ ಮಗುವನ್ನು ಬೇರೆಲ್ಲಾದರೂ ಬಿಡಲೇಬೇಕು, ಅಲ್ಲಿಯೂ ಅಡ್ವಾನ್ಸ್ ಕೇಳುತ್ತಾರೆ.