ಕೋಲೂ ಅವರದೇ, ಕೀಲಿಕೈಯೂ ಅವರದೇ

ಕನ್ನಡದ ಪ್ರಾಟೆಸ್ಟೆಂಟ್ ಕ್ರೈಸ್ತರು ಚರ್ಚಿಗೆ ಇಟ್ಟುಕೊಂಡ ಹೆಸರು ‘ಸಭೆ’. ಕಟ್ಟಡವೂ ಅಲ್ಲ, ಬಿಷಪ್ಪರೂ ಅಲ್ಲ. ಕೂಡಿ ಕುಳಿತ ಜನ. ಮಂಗಳೂರು, ಧಾರವಾಡಗಳಿಂದ ಚೆನ್ನೈ, ಹೈದರಾಬಾದುಗಳವರೆಗೆ ಹರಡಿರುವ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಮರೆತಿರುವುದು ಈ ಅರ್ಥವನ್ನೇ.

1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಫಲ ಕೊಟ್ಟದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ. ಆಂಗ್ಲಿಕನ್ನರು ಬಿಷಪ್ ಪದವಿಯನ್ನು ತಂದರು. ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್, ಮೆಥಡಿಸ್ಟ್ ಪರಂಪರೆಗಳು ಕೂತು ತೀರ್ಮಾನಿಸುವ ಮಂಡಳಿಗಳನ್ನು ತಂದವು. ಒಪ್ಪಂದ ಸ್ಪಷ್ಟವಾಗಿತ್ತು: ಬಿಷಪ್ ಇರುತ್ತಾರೆ, ಆದರೆ ಸಭೆಯ ಸಂವಿಧಾನಕ್ಕೆ ಬದ್ಧರಾಗಿ. ಆದ್ದರಿಂದಲೇ ಇಲ್ಲಿ ಆರ್ಚ್‌ಬಿಷಪ್ ಇಲ್ಲ. ಬಿಷಪ್ಪರಲ್ಲಿ ಒಬ್ಬರನ್ನು ಸಿನಾಡ್ ಒಂದು ಅವಧಿಗೆ ಮಾಡರೇಟರ್ ಆಗಿ ಆರಿಸುತ್ತದೆ.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗದು. ನಡೆಯುವುದೇ ಬೇರೆ. ಡಯಾಸಿಸಿನ ಕೌನ್ಸಿಲ್ಲಿಗೆ ಬಿಷಪ್ಪರೇ ಅಧ್ಯಕ್ಷರು. ಸಭಾಪಾಲಕರ ವರ್ಗಾವಣೆಯಲ್ಲಿ ಅವರ ಮಾತೇ ಭಾರ. ಶಾಲೆ, ಆಸ್ಪತ್ರೆಗಳ ಮಂಡಳಿಗಳಲ್ಲೂ ಸಾಮಾನ್ಯವಾಗಿ ಅವರದೇ ಮೇಲುಕುರ್ಚಿ. ಕೌನ್ಸಿಲ್ಲಿನಲ್ಲಿ ಎದ್ದು ಲೆಕ್ಕ ಕೇಳಬೇಕಾದವರು ಅದೇ ಸಭಾಪಾಲಕರು. ಮುಂದಿನ ವರ್ಷ ಯಾವ ಊರು, ಮಕ್ಕಳ ಓದು ಏನಾದೀತು ಎಂದು ಎಣಿಸುತ್ತ ಕೂತವರು ಬಾಯಿ ತೆರೆದಾರೆಯೇ?

ಇದರ ಮೇಲೆ ಮಿಷನ್ ಕಾಲದ ಆಸ್ತಿ ಬೇರೆ. ಅಂದು ಊರಾಚೆ ಇದ್ದ ಎಷ್ಟೋ ಕಾಂಪೌಂಡುಗಳು ಇಂದು ನಗರದ ನಟ್ಟನಡುವೆ ಇವೆ. ಪದವಿಯ ಜೊತೆ ಕೀಲಿಕೈಯೂ ಸಿಗುವುದಾದರೆ, ಚುನಾವಣೆಯಲ್ಲಿ ಕುರಿ ಕಾಯುವವರನ್ನು ಹುಡುಕುವವರು ಯಾರು?

2024ರಲ್ಲಿ ಮದ್ರಾಸ್ ಹೈಕೋರ್ಟ್ ಈ ಸಭೆಯ ಆಡಳಿತ ನೋಡಿಕೊಳ್ಳಲು, ಚುನಾವಣೆ ನಡೆಸಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸುವ ಆದೇಶ ಕೊಟ್ಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ದೇವರ ಮನೆಯಲ್ಲಿ ಕೋರ್ಟಿಗೇನು ಕೆಲಸ ಎಂದು ಗೊಣಗುವವರಿದ್ದಾರೆ. ಮನೆಯೊಳಗೆ ಕೇಳುವ ಕಿವಿ ಇದ್ದಿದ್ದರೆ ಮನೆಯವರು ಬೀದಿಗೆ ಬರುತ್ತಿರಲಿಲ್ಲ. ಇನ್ನು ಕೆಲವರು ಒಳ್ಳೆಯ ಬಿಷಪ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಒಳ್ಳೆಯವರಿಗಾಗಿ ಕಾಯುವುದಾದರೆ ಸಂವಿಧಾನ ಯಾಕೆ ಬೇಕಿತ್ತು?

ಬಿಷಪ್ಪರಿಗೆ ಕೋಲು ಇರಲಿ: ಬೋಧನೆ, ದೀಕ್ಷೆ, ಪಾಲನೆ. ಆಸ್ತಿ ಮತ್ತು ವರ್ಗಾವಣೆ ಬೇರೆ ಮಂಡಳಿಗೆ ಹೋಗಲಿ. ಅದರಲ್ಲಿ ಕೂತವರು ಬೇರೆ ಯಾವ ಪದವಿಗೂ ನಿಲ್ಲದಿರಲಿ. ಲೆಕ್ಕಪತ್ರವನ್ನು ಆಯಾ ಸಭೆಯ ಭಾಷೆಯಲ್ಲೇ, ಆರಾಧನೆ ಮುಗಿದ ಮೇಲೆ, ಎಲ್ಲರೆದುರು ಓದಲಿ.

ಒಂದು ಮದುವೆಗೆ ಮೂರು ಭಾನುವಾರ ಪ್ರಕಟಣೆ ಓದಿ, ಆಕ್ಷೇಪಣೆ ಇದ್ದರೆ ಹೇಳಿ ಎನ್ನುವ ಸಭೆ ಇದು. ಜಮೀನು ಕೈಬಿಡುವಾಗ ಒಂದು ಭಾನುವಾರವಾದರೂ ಕೇಳಬಾರದೇ?